ಕ್ಯಾಲಿಫೋರ್ನಿಯಾದಲ್ಲಿ ಡಿಯುಐ (ಕುಡಿದು ವಾಹನ ಚಾಲನೆ): ಲೈಸೆನ್ಸ್ ಅಮಾನತಾದರೆ ಕೆಲಸಕ್ಕೆ, ಮಗನ ಥೆರಪಿಗೆ ಓಡಾಡುವುದು ಹೇಗೆ?

ಮೌಂಟನ್ ಹೌಸ್ ಗೃಹಿಣಿ

ನಮಸ್ಕಾರ. ಹೋದ ಗುರುವಾರ ಸಂಜೆ ನನ್ನ ಗಂಡ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಊಟ ಮುಗಿಸಿ ಬರುವಾಗ ಮಿಲ್ಪಿಟಾಸ್ ಬಳಿ ಪೊಲೀಸರು ಕಾರು ನಿಲ್ಲಿಸಿದ್ದಾರೆ. ಠಾಣೆಯಲ್ಲಿ ಊದಿಸಿದಾಗ ರಕ್ತದ ಆಲ್ಕೋಹಾಲ್ ಪ್ರಮಾಣ ಶೇ. 0.11 ಬಂದಿದೆ. ಅಪಘಾತವೇನೂ ಆಗಿಲ್ಲ, ಹಿಂದೆ ಯಾವ ಪ್ರಕರಣವೂ ಇಲ್ಲ. ಲೈಸೆನ್ಸ್ ಕಾರ್ಡನ್ನು ಅವರೇ ಇಟ್ಟುಕೊಂಡು ಒಂದು ಗುಲಾಬಿ ಕಾಗದ ಕೊಟ್ಟಿದ್ದಾರೆ. 30 ದಿನ ಅದೇ ತಾತ್ಕಾಲಿಕ ಲೈಸೆನ್ಸ್, ಆಮೇಲೆ ಅಮಾನತು ಎಂದು ಬರೆದಿದೆ.

ಅವರ ಕಚೇರಿ ಸಾಂತಾ ಕ್ಲಾರಾದಲ್ಲಿ. ವಾರಕ್ಕೆ ಎರಡು ಸಲ ಮಗನನ್ನು ಪ್ಲೆಸೆಂಟನ್‌ಗೆ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುವವರೂ ಅವರೇ. ನಾನು ಎಚ್-4ರಲ್ಲಿ (ಗಂಡನ ಎಚ್-1ಬಿ ಕೆಲಸದ ವೀಸಾವನ್ನು ಅವಲಂಬಿಸಿದ ವೀಸಾ) ಬಂದವಳು, ನನ್ನ ಬಳಿ ಇರುವುದು ಲರ್ನರ್ ಪರ್ಮಿಟ್ ಮಾತ್ರ. ಕೆಲಸಕ್ಕಷ್ಟೇ ಓಡಿಸಲು ನಿರ್ಬಂಧಿತ ಲೈಸೆನ್ಸ್ ಸಿಗುತ್ತದೆ ಎಂದು ಒಬ್ಬರು ಹೇಳಿದರು. ಕಾರಿಗೆ ಊದುವ ಯಂತ್ರ ಹಾಕಿಸಿದರೆ ತಕ್ಷಣ ಓಡಿಸಬಹುದು ಎಂದು ಇನ್ನೊಬ್ಬರು. ಇದರಲ್ಲಿ ಯಾವುದು ನಿಜ? ಯಾವುದನ್ನು ಆರಿಸಿಕೊಳ್ಳಬೇಕು?

ದಯವಿಟ್ಟು ಬುದ್ಧಿವಾದ ಬೇಡ. ಅದನ್ನು ನಾನೇ ಮನೆಯಲ್ಲಿ ಬೇಕಾದಷ್ಟು ಹೇಳಿ ಮುಗಿಸಿದ್ದೇನೆ.

ಫ್ರೀಮಾಂಟ್ ಅಕ್ಕ

ಎರಡೂ ನಿಜ. ನನ್ನ ಮೈದುನನ ಪ್ರಕರಣದಲ್ಲಿ ಕಾಗದಪತ್ರಗಳನ್ನೆಲ್ಲ ನೋಡಿಕೊಂಡವಳು ನಾನೇ. ಊರಿನಲ್ಲಿ ಬ್ಯಾಂಕ್ ಗುಮಾಸ್ತೆಯಾಗಿದ್ದವಳು, ಫೈಲು ಕಟ್ಟುವುದು ಅಭ್ಯಾಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಆ ಗುಲಾಬಿ ಕಾಗದವನ್ನು ತಿರುಗಿಸಿ ನೋಡಿ. ಡಿಎಂವಿ (ಇಲ್ಲಿನ ಆರ್‌ಟಿಒ) ವಿಚಾರಣೆ ಬೇಕಿದ್ದರೆ ಹತ್ತು ದಿನಗಳೊಳಗೆ ಕೇಳಬೇಕು ಎಂದಿರುತ್ತದೆ. ಶನಿವಾರ, ಭಾನುವಾರಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಗುರುವಾರ ಬಂಧನವಾಗಿದ್ದರೆ ಗಡುವು ಭಾನುವಾರಕ್ಕೆ ಬೀಳುತ್ತದೆ, ಆದ್ದರಿಂದ ಈ ಶುಕ್ರವಾರವೇ ಕೊನೆ ಎಂದು ತಿಳಿದುಕೊಳ್ಳಿ. ವಿಚಾರಣೆ ಕೋರಿ, ಅದು ಮುಗಿಯುವವರೆಗೆ ಅಮಾನತನ್ನು ತಡೆಹಿಡಿಯಿರಿ ಎಂದೂ ಕೇಳಿ. ವಿಚಾರಣೆಯಲ್ಲಿ ಗೆಲ್ಲುವುದು ಅಪರೂಪ, ಆದರೆ ಉಸಿರಾಡಲು ಸಮಯ ಸಿಗುತ್ತದೆ. ವಕೀಲರನ್ನು ಹಿಡಿಯುವುದಿದ್ದರೆ ಅದಕ್ಕೆ ಮೊದಲೇ ಹಿಡಿಯಿರಿ. ನಮ್ಮ ಆರ್‌ಟಿಒ ಮುಂದೆ ಮರದ ಕೆಳಗೆ ಕೂರುವ ಏಜೆಂಟರು ಇಲ್ಲಿಲ್ಲ.

ಇಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳು ನಡೆಯುತ್ತವೆ. ಡಿಎಂವಿಯ ಅಮಾನತು ಒಂದು, ನ್ಯಾಯಾಲಯದ ಮೊಕದ್ದಮೆ ಇನ್ನೊಂದು. ಸರ್ಕಾರಿ ವಕೀಲರು ಆರೋಪವನ್ನು ಕೈಬಿಟ್ಟರೂ ಡಿಎಂವಿ ಅಮಾನತು ತಾನಾಗಿ ಬಿದ್ದುಹೋಗುವುದಿಲ್ಲ. ನ್ಯಾಯಾಲಯದಲ್ಲಿ ತೀರ್ಪಾದರೆ ಅದರದ್ದೇ ಆದ ನಿರ್ಬಂಧಗಳು ಬರುತ್ತವೆ, ಅವುಗಳ ಬಗ್ಗೆ ವಕೀಲರನ್ನೇ ಕೇಳಿ. ನಾನು ಹೇಳುತ್ತಿರುವುದು ಡಿಎಂವಿ ಕಡೆಯದು.

ಪರೀಕ್ಷೆಗೆ ಒಪ್ಪಿಕೊಂಡು 0.08 ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ ಮೊದಲ ಸಲ ನಾಲ್ಕು ತಿಂಗಳ ಅಮಾನತು. ನಿಮ್ಮವರು ಊದಲು ನಿರಾಕರಿಸಿದ್ದರೆ ಒಂದು ವರ್ಷ, ಅದೂ ಮುಂದೆ ಹೇಳುವ ರಿಯಾಯಿತಿ ಯಾವುದೂ ಇಲ್ಲದೆ. ಊದಿದ್ದಾರೆ, ಅಷ್ಟರಮಟ್ಟಿಗೆ ಪುಣ್ಯ. ಈಗ ಮುಂದಿರುವ ದಾರಿ ಎರಡು. ಒಂದು, 30 ದಿನ ಚಕ್ರವನ್ನೇ ಮುಟ್ಟದೆ ಕೂತು, ಆಮೇಲೆ ಐದು ತಿಂಗಳು ಕೆಲಸಕ್ಕೆ ಹೋಗಿಬರಲು, ಕೆಲಸದ ಭಾಗವಾಗಿ ಓಡಾಡಲು ಮತ್ತು ಡಿಯುಐ ತರಗತಿಗೆ ಹೋಗಿಬರಲು ಮಾತ್ರ ಓಡಿಸುವುದು. ಇನ್ನೊಂದು, ಕಾರಿಗೆ ಇಗ್ನಿಷನ್ ಇಂಟರ್‌ಲಾಕ್ (ಅದೇ ಊದುವ ಯಂತ್ರ, ಉಸಿರಿನಲ್ಲಿ ಆಲ್ಕೋಹಾಲ್ ಕಂಡರೆ ಕಾರು ಶುರುವಾಗುವುದಿಲ್ಲ) ಹಾಕಿಸಿ, ಆ 30 ದಿನ ಕಾಯದೆ, ನಾಲ್ಕು ತಿಂಗಳು ಎಲ್ಲಿಗೆ ಬೇಕಾದರೂ ಓಡಿಸುವುದು. ಈ ಎರಡನೆಯದು ರಾಜ್ಯದಾದ್ಯಂತ ಬಂದಿದ್ದು 2019ರಲ್ಲಿ. ಅದಕ್ಕಿಂತ ಹಿಂದೆ ಸಿಕ್ಕಿಬಿದ್ದವರು ಕೆಲಸಕ್ಕೆ ಮಾತ್ರ ಎನ್ನುವುದನ್ನೇ ಹೇಳುತ್ತಾರೆ, ಅದಕ್ಕೇ ನಿಮಗೆ ಗೊಂದಲ.

ಜನ ಯಂತ್ರ ಎಂದರೆ ಮುಖ ಸಿಂಡರಿಸುತ್ತಾರೆ. ಆದರೆ ನಿಮ್ಮ ಮನೆಗೆ ಅದೇ ಸರಿ. ಕೆಲಸಕ್ಕೆ ಮಾತ್ರ ಎನ್ನುವ ಲೈಸೆನ್ಸಿನಲ್ಲಿ ಮಗನ ಥೆರಪಿ ಬರುವುದಿಲ್ಲ. ದಿನಸಿ ಬರುವುದಿಲ್ಲ, ಲಿವರ್ಮೋರ್ ದೇವಸ್ಥಾನ ಬರುವುದಿಲ್ಲ. ಕಚೇರಿಯಿಂದ ಬರುವಾಗ ದಾರಿಯಲ್ಲೇ ಇದೆಯಲ್ಲ ಎಂದು ಪ್ಲೆಸೆಂಟನ್‌ನಲ್ಲಿ ಇಳಿದರೂ ಅದು ಉಲ್ಲಂಘನೆಯೇ.

ಎರಡರಲ್ಲಿ ಯಾವುದಕ್ಕೂ ಬೇಕಾದದ್ದು: ವಿಮಾ ಕಂಪನಿಯಿಂದ ಎಸ್‌ಆರ್-22 (ವಿಮೆ ಇದೆ ಎಂದು ಡಿಎಂವಿಗೆ ಕೊಡುವ ಪ್ರಮಾಣಪತ್ರ), ಅದನ್ನು ಮೂರು ವರ್ಷ ಉಳಿಸಿಕೊಳ್ಳಬೇಕು. ರಾಜ್ಯದ ಪರವಾನಗಿ ಇರುವ ಸಂಸ್ಥೆಯಲ್ಲಿ ಡಿಯುಐ ತರಗತಿಗೆ ಸೇರಿದ ದಾಖಲೆ. 0.20ಕ್ಕಿಂತ ಕಡಿಮೆ ಇದ್ದವರಿಗೆ ಸಾಮಾನ್ಯವಾಗಿ ಮೂರು ತಿಂಗಳು, 30 ಗಂಟೆ. ಜೊತೆಗೆ ಡಿಎಂವಿಗೆ 125 ಡಾಲರ್. ಯಂತ್ರದ ದಾರಿ ಹಿಡಿದರೆ ಅಳವಡಿಸಿದವರು ಕೊಡುವ ಡಿಎಲ್ 920 ನಮೂನೆಯೂ ಬೇಕು. ತರಗತಿಗೆ ಈ ವಾರವೇ ಸೇರಿಸಿ.

ಸನ್ನಿವೇಲ್ ಶಾನುಭೋಗ

ಅಕ್ಕನ ಮಾತಿಗೆ ಸಣ್ಣ ತಕರಾರು. ನಾನು ಮೊದಲನೆಯ ದಾರಿ ಹಿಡಿದವನು, ಒಂಟಿ ಮನುಷ್ಯ, ಮನೆಯ ಹತ್ತಿರವೇ ರೈಲು. ಪ್ರಶ್ನೆ ಕೇಳಿದವರ ಗಂಡನಿಗೂ ಟ್ರೇಸಿಯಿಂದ ಎಸಿಇ ರೈಲು ಇದೆ, ಸಾಂತಾ ಕ್ಲಾರಾದ ಗ್ರೇಟ್ ಅಮೆರಿಕ ನಿಲ್ದಾಣದಲ್ಲಿ ಇಳಿಯಬಹುದು. ಸಹೋದ್ಯೋಗಿಗಳ ಮುಂದೆ ಪಾರ್ಕಿಂಗ್ ಜಾಗದಲ್ಲಿ ಕೊಳವೆ ಕಚ್ಚಿಕೊಂಡು ಊದುವ ಮುಜುಗರವೂ ಇಲ್ಲ, ಯಂತ್ರದ ಬಾಡಿಗೆಯೂ ಉಳಿಯುತ್ತದೆ.

ಫ್ರೀಮಾಂಟ್ ಅಕ್ಕ

ಶಾನುಭೋಗರೇ, ಒಂಟಿ ಮನುಷ್ಯನ ಲೆಕ್ಕ ಬೇರೆ. ಎಸಿಇ ವಾರದ ದಿನಗಳಲ್ಲಿ ಬೆಳಿಗ್ಗೆ ಈ ಕಡೆಗೆ, ಸಂಜೆ ಆ ಕಡೆಗೆ ಓಡುವ ರೈಲು. ಮಧ್ಯಾಹ್ನ ಮಗನಿಗೆ ಜ್ವರ ಎಂದು ಶಾಲೆಯಿಂದ ಕರೆ ಬಂದರೆ ಮನುಷ್ಯ ಸಾಂತಾ ಕ್ಲಾರಾದಲ್ಲೇ ಕೂರಬೇಕಾಗುತ್ತದೆ. ಇನ್ನು ಮೌಂಟನ್ ಹೌಸ್‌ನಿಂದ ಟ್ರೇಸಿ ನಿಲ್ದಾಣಕ್ಕೆ ಯಾರು ಬಿಡುತ್ತಾರೆ?

ಮುಜುಗರದ ಮಾತು ಒಪ್ಪುತ್ತೇನೆ. ಮೈದುನನ ಯಂತ್ರ ಹೇಗಿತ್ತೆಂದರೆ, ಗೇರ್ ಪಕ್ಕದಲ್ಲಿ ಸುರುಳಿ ತಂತಿಗೆ ಕಟ್ಟಿದ ಕಪ್ಪು ಡಬ್ಬಿ, ತುದಿಯಲ್ಲಿ ಪ್ಲಾಸ್ಟಿಕ್ ಕೊಳವೆ. ಉದ್ದವಾಗಿ ಒಂದೇ ಸಮನೆ ಊದಬೇಕು, ನಡುವೆ ಉಸಿರು ಕಡಿದರೆ ಮತ್ತೆ ಮೊದಲಿನಿಂದ. ಓಡಿಸುತ್ತಿರುವಾಗಲೂ ಇದ್ದಕ್ಕಿದ್ದಂತೆ ಕೀರಲು ದನಿ ತೆಗೆದು ಮತ್ತೊಮ್ಮೆ ಊದು ಎನ್ನುತ್ತದೆ. ಆಗ ತಪ್ಪಿದರೆ ಎಂಜಿನ್ ನಿಲ್ಲುವುದಿಲ್ಲ, ಆದರೆ ದಾಖಲಾಗುತ್ತದೆ. ಮೌತ್‌ವಾಶ್ ಮುಕ್ಕಳಿಸಿ ಬಂದು ಊದಬೇಡಿ, ಅದರಲ್ಲೂ ಆಲ್ಕೋಹಾಲ್ ಇರುತ್ತದೆ. 60 ದಿನಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕು. ವರಮಾನ ಕಡಿಮೆ ಇದ್ದರೆ ಬಾಡಿಗೆಯಲ್ಲಿ ರಿಯಾಯಿತಿ ಇದೆ, ಆದರೆ ಸಾಂತಾ ಕ್ಲಾರಾ ಸಂಬಳಕ್ಕೆ ಅದು ಸಿಗಲಾರದು.

ಕಂಪನಿಯ ವಾಹನ ಓಡಿಸುವ ಕೆಲಸವಾದರೆ ಅದಕ್ಕೆ ಯಂತ್ರ ಹಾಕಿಸಬೇಕಾಗಿಲ್ಲ, ಆದರೆ ಕಂಪನಿಗೆ ವಿಷಯ ತಿಳಿಸಿರಬೇಕು, ತಿಳಿಸಿದ್ದಕ್ಕೆ ಕಾಗದ ವಾಹನದಲ್ಲಿರಬೇಕು.

ಮೌಂಟನ್ ಹೌಸ್ ಗೃಹಿಣಿ

ತುಂಬಾ ಉಪಕಾರವಾಯಿತು. ವಿಚಾರಣೆಗೆ ಇವತ್ತೇ ಕರೆ ಮಾಡಿಸಿದೆ. ಇನ್ನೆರಡು ಪ್ರಶ್ನೆಗಳು. ದಾವಣಗೆರೆಯಿಂದ ನನ್ನ ಮಾವನವರು ಫೋನಿನಲ್ಲಿ, ಅವನ ಕರ್ನಾಟಕದ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯಲ್ಲ, ಅದನ್ನೇ ತೋರಿಸಿ ಓಡಿಸಲಿ ಎನ್ನುತ್ತಿದ್ದಾರೆ. ಹಾಗೆ ಆಗುತ್ತದೆಯೇ? ಡಿಸೆಂಬರಿನಲ್ಲಿ ನಾದಿನಿಯ ಮದುವೆಗೆ ಊರಿಗೆ ಟಿಕೆಟ್ ಕೂಡ ಮಾಡಿಸಿದ್ದೇವೆ, ಹೋಗಿ ಬರಲು ತೊಂದರೆಯಾದೀತೇ?

ಫ್ರೀಮಾಂಟ್ ಅಕ್ಕ

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ, ಆ ಲೈಸೆನ್ಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಅಮಾನತಾಗುವುದು ಕಾರ್ಡ್ ಮಾತ್ರವಲ್ಲ, ಈ ರಾಜ್ಯದಲ್ಲಿ ಓಡಿಸುವ ಹಕ್ಕೇ. ಕರ್ನಾಟಕದ್ದಿರಲಿ, ಟೆಕ್ಸಾಸ್‌ನದ್ದಿರಲಿ, ಅಂತರರಾಷ್ಟ್ರೀಯ ಪರ್ಮಿಟ್ ಇರಲಿ, ಯಾವುದನ್ನು ತೋರಿಸಿದರೂ ಅಮಾನತಿನಲ್ಲಿ ಓಡಿಸಿದಂತೆಯೇ. ಡಿಯುಐ ಅಮಾನತಿನಲ್ಲಿ ಓಡಿಸಿ ಶಿಕ್ಷೆಯಾದರೆ ಮೊದಲ ಸಲಕ್ಕೇ ಕನಿಷ್ಠ ಹತ್ತು ದಿನ ಜೈಲು, ಕಾರನ್ನು 30 ದಿನ ಜಪ್ತಿ ಮಾಡಲೂಬಹುದು.

ಅವರಿಗೆ ಇದನ್ನೂ ಹೇಳಿ: ನಮ್ಮಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್, ಇಲ್ಲಿ 80 (ಅದೇ 0.08). ಮಗ ದಾವಣಗೆರೆಯಲ್ಲಿ ಊದಿದ್ದರೆ ಇನ್ನೂ ಬೇಗ ಸಿಕ್ಕಿಬೀಳುತ್ತಿದ್ದ.

ಮದುವೆಯ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಹೇಳಲಿ.

ಎಚ್1ಬಿ ಹಳಬ

ನಾನು ಹೇಳುತ್ತೇನೆ. ಡಿಯುಐ ಬಂಧನ ದಾಖಲಾದರೆ, ಶಿಕ್ಷೆಯಾಗುವ ಮೊದಲೇ ವಿದೇಶಾಂಗ ಇಲಾಖೆ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ರದ್ದು ಮಾಡಬಹುದು. 2015ರಿಂದ ಇದು ನಡೆಯುತ್ತಿದೆ, ಸಾಮಾನ್ಯವಾಗಿ ಇಮೇಲ್ ಮೂಲಕ ತಿಳಿಸುತ್ತಾರೆ. ಅದರಿಂದಾಗಿ ಇಲ್ಲಿರುವ ಎಚ್-1ಬಿ ಸ್ಥಾನಮಾನ ಸಾಮಾನ್ಯವಾಗಿ ತಕ್ಷಣ ಹೋಗುವುದಿಲ್ಲ. ಆದರೆ ದೇಶ ಬಿಟ್ಟರೆ ಹೊಸ ವೀಸಾ ಇಲ್ಲದೆ ಮರಳಲಾಗದು. ಅರ್ಜಿಯಲ್ಲಿ ಬಂಧನದ ಪ್ರಶ್ನೆಗೆ ಹೌದು ಎಂದೇ ಬರೆಯಬೇಕು. ಆಮೇಲೆ ದೂತಾವಾಸ ಸೂಚಿಸಿದ ವೈದ್ಯರ ಬಳಿ ತಪಾಸಣೆ, ಅದು ಮುಗಿಯುವವರೆಗೆ ಊರಿನಲ್ಲೇ ಕಾಯುವುದು. ಅಷ್ಟು ದಿನ ಕಚೇರಿ ಕಾಯುತ್ತದೆಯೇ ಎಂದು ಕೇಳಿಕೊಳ್ಳಿ. ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ವಕೀಲರನ್ನೂ ನೋಡದೆ ವಿಮಾನ ಹತ್ತಬೇಡಿ. ಮದುವೆಗೆ ನೀವು ಹೋಗಿ ಬರಬಹುದೇ ಎಂಬುದನ್ನೂ ಅವರನ್ನೇ ಕೇಳಿ, ನಿಮ್ಮ ಎಚ್-4 ನಿಂತಿರುವುದು ನಿಮ್ಮ ಗಂಡನ ಎಚ್-1ಬಿ ಮೇಲೆ.

ಫ್ರೀಮಾಂಟ್ ಅಕ್ಕ

ಎಲ್ಲರೂ ಗಂಡನ ಲೈಸೆನ್ಸ್ ಬಗ್ಗೆಯೇ ಮಾತನಾಡಿದೆವು. ತಾಯಿ, ನಿಮ್ಮ ಪರ್ಮಿಟ್ ಎಲ್ಲಿಯವರೆಗೆ ಬಂತು? ಪರ್ಮಿಟ್ ಇದ್ದವರ ಪಕ್ಕದಲ್ಲಿ ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರುವ ವಯಸ್ಕರು ಕೂರಬೇಕು. ಅಮಾನತಾದ ಗಂಡ ಆ ಲೆಕ್ಕಕ್ಕೆ ಬರುವುದಿಲ್ಲ. ಗುಲಾಬಿ ಕಾಗದ ಚಾಲ್ತಿಯಲ್ಲಿರುವ ದಿನಗಳಲ್ಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮಾನಾಂತರ ಪಾರ್ಕಿಂಗ್ ಕಲಿತುಬಿಡಿ, ಬೈಯುವ ಸರದಿ ಈಗ ಅವರದು. ಡಿಎಂವಿ ಪರೀಕ್ಷೆಗೆ ಟ್ರೇಸಿಯಲ್ಲಿ ದಿನಾಂಕ ಸಿಗದಿದ್ದರೆ ಮಂಟೇಕಾದಲ್ಲಿ ಹುಡುಕಿ. ಪರೀಕ್ಷೆಗೆ ಯಂತ್ರವಿಲ್ಲದ ಬೇರೆ ಯಾರದಾದರೂ ಕಾರು ಸಿಗುತ್ತದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ, ಏಕೆಂದರೆ ಯಂತ್ರವಿರುವ ಕಾರನ್ನು ಯಾರೇ ಓಡಿಸಿದರೂ ಅವರೇ ಊದಬೇಕು, ನೀವೂ ಸೇರಿ.