ವಾರಂಟ್ ಕೊಟ್ಟ ಸಣ್ಣ ಗ್ರಾಫೈಟ್ ಕಂಪನಿ: ಇನ್ನಷ್ಟು ತಗೋಬಹುದಾ?

ಹಾಸನ_ಷೇರು: ಎಸ್‌ಎಂಇಯಲ್ಲಿ (ಷೇರುಪೇಟೆಯ ಸಣ್ಣ ಕಂಪನಿಗಳ ವಿಭಾಗ) ಲಿಸ್ಟ್ ಆದ ಗ್ರಾಫೈಟ್ ಪುಡಿ ಕಂಪನಿ. ಮಾರ್ಚ್‌ಗೆ ಮುಗಿದ ಅರ್ಧ ವರ್ಷದ ಮಾರಾಟ 60 ಕೋಟಿ, ಲಾಭ 5 ಕೋಟಿ, ಗಿರಾಕಿಗಳಿಂದ ಬರಬೇಕಾದ್ದು 38 ಕೋಟಿ. ಪ್ರವರ್ತಕರಿಗೆ (ಕಂಪನಿಯ ಮೂಲ ಮಾಲೀಕರು) ವಾರಂಟ್ ಕೊಟ್ಟಿದ್ದಾರೆ, ಅಂದ್ರೆ ನಿಗದಿ ಬೆಲೆಗೆ ಮುಂದೆ ಷೇರು ಕೊಳ್ಳೋ ಹಕ್ಕು. ಮುಂದೆ ಬ್ಯಾಟರಿಯ ಆನೋಡ್‌ಗೆ (ಋಣ ತುದಿ) ಬೇಕಾದ ಗ್ರಾಫೈಟ್ ಮಾಡ್ತಾರಂತೆ. ಇನ್ನೊಂದು ಲಾಟ್ (ಒಟ್ಟಿಗೇ ಕೊಳ್ಳಬೇಕಾದ, ಮಾರಬೇಕಾದ ಷೇರುಗಳ ಕಟ್ಟು) ಹಾಕಲಾ?

ಮಲ್ನಾಡ್_ಲೆಕ್ಕ, ಚಿಕ್ಕಮಗಳೂರು: 38 ಕೋಟಿ ಅಂದ್ರೆ ಸುಮಾರು 115 ದಿನದ ಮಾರಾಟ ಉದ್ರಿಯಲ್ಲಿದೆ ಮಾರಾಯ್ರೆ! ಲಾಭ ಆಮೇಲೆ ನೋಡಿ, ಮೊದಲು ಕ್ಯಾಶ್ ಫ್ಲೋ (ನಗದು ಬಂದು ಹೋದ ಲೆಕ್ಕ) ತೆಗೀರಿ. ಕಾರ್ಯಾಚರಣೆಯ ನಗದು ಮೈನಸ್ ಇದ್ರೆ ಆ 5 ಕೋಟಿ ಬರೀ ಪುಸ್ತಕದಲ್ಲಿ. ವಾರಂಟ್‌ಗೆ ಮೊದಲು ಕಟ್ಟೋದು ಬೆಲೆಯ ಕನಿಷ್ಠ 25%, ಉಳಿದಿದ್ದಕ್ಕೆ 18 ತಿಂಗಳು ಟೈಮ್. ಷೇರು ಬಿದ್ರೆ ಕಟ್ಟದೆ ಬಿಡಬಹುದು, ಆಗ ಆ 25% ಮುಟ್ಟುಗೋಲು. ಕಾರ್ಖಾನೆಗೆ ಬೇಕಿದ್ದ ಉಳಿದ ದುಡ್ಡು ಬರಲ್ಲ.

ಬೇಲೂರು_ರಸ್ತೆ: ಆನೋಡ್ ದರ್ಜೆ ಅಂದ್ರೆ ಕಣ ಉರುಟು ಮಾಡಬೇಕು, ಶುದ್ಧತೆ 99.95% ಮುಟ್ಟಬೇಕು, ಮೇಲೆ ಕಾರ್ಬನ್ ಲೇಪ. ಉರುಟು ಮಾಡೋವಾಗಲೇ ಅರ್ಧದಷ್ಟೋ ಇನ್ನೂ ಹೆಚ್ಚೋ ಮಾಲು ಧೂಳಾಗಿ ಹೋಗುತ್ತೆ. ಸೆಲ್ ತಯಾರಕರು ಪರೀಕ್ಷಿಸಿ ಒಪ್ಪೋಕೆ ವರ್ಷಗಟ್ಟಲೆ. ಪ್ರಕಟಣೆಯಲ್ಲಿ ‘ಸ್ಯಾಂಪಲ್ ಕಳಿಸಿದ್ದೇವೆ’ ಅಂತಿದ್ರೆ ಅದು ಆರ್ಡರ್ ಅಲ್ಲ.

ಹಾಸನ_ಷೇರು: ನಗದು ಮೈನಸ್ಸೇ ಇದೆ ಸರ್. ಮಾರಿಬಿಡಲಾ?

ಮಲ್ನಾಡ್_ಲೆಕ್ಕ: ಒಂದೇ ಲಾಟ್ ಇದ್ರೆ ಅರ್ಧ ಮಾರಕ್ಕಾಗಲ್ಲ, ಲೋವರ್ ಸರ್ಕ್ಯೂಟ್ (ಆ ದಿನ ಬೆಲೆ ಇಳಿಯಬಹುದಾದ ಕೊನೆ ಮಿತಿ) ಮುಟ್ಟಿದ ದಿನ ಕೊಳ್ಳೋರೇ ಇರಲ್ಲ. ಹೊಸದಾಗಿ ಮಾತ್ರ ಹಾಕ್ಬೇಡಿ. ನವೆಂಬರ್ 14ರೊಳಗೆ ಮುಂದಿನ ಫಲಿತಾಂಶ ಬರ್ಬೇಕು. ಉದ್ರಿ ಇನ್ನೂ ಏರಿದ್ರೆ ಹೊರಗೆ ಬನ್ನಿ.