ಗೇಟಿನ ಮುಂದೆ ಎರಡೇ ನಿಮಿಷ

ಅತ್ತೆ: (ಫಾರ್ವರ್ಡ್) "ಎಚ್ಚರ! ನಾಳೆಯಿಂದ ಶಾಲೆ ಮುಂದೆ ಗಾಡಿ ನಿಲ್ಲಿಸಿದರೆ 25,000 ದಂಡ, 3 ವರ್ಷ ಜೈಲು. ಎಲ್ಲರಿಗೂ ಕಳಿಸಿ." ಮಕ್ಕಳನ್ನು ಬಿಡಲು ಹೋಗುವವರೆಲ್ಲ ನೋಡಿಕೊಳ್ಳಿ.

ಭಾವ: ಯಾವ ಆದೇಶ ಅತ್ತೆ? ಎಲ್ಲಿ ಬಂದಿದೆ? ತಾರೀಖೇ ಇಲ್ಲವಲ್ಲ.

ಅತ್ತೆ: ನಮ್ಮ ಭಜನೆ ಗುಂಪಿನಲ್ಲಿ ಬಂತಪ್ಪ. ಒಳ್ಳೆಯದೇ ಅಲ್ವಾ ಅಂತ ಹಾಕಿದೆ.

ಭಾವ: 25,000 ದಂಡ, 3 ವರ್ಷದವರೆಗೆ ಜೈಲು ಇರುವುದು 18 ತುಂಬದ ಮಕ್ಕಳ ಕೈಗೆ ಗಾಡಿ ಕೊಟ್ಟರೆ. 2019ರ ತಿದ್ದುಪಡಿಯಲ್ಲಿ ಬಂದದ್ದು. ಪಾರ್ಕಿಂಗಿಗೂ ಅದಕ್ಕೂ ಸಂಬಂಧವೇ ಇಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವುದನ್ನೂ ನೀವೇ ಹಾಕಿದ್ದಿರಿ. ಅಂಥದ್ದೇ ಸುದ್ದಿ ನಂಬಿ ಚಾಮರಾಜಪೇಟೆಯಲ್ಲಿ ಒಬ್ಬ ಅಮಾಯಕನನ್ನು ಹೊಡೆದು ಕೊಂದರು.

ದೊಡ್ಡಪ್ಪ: ದೊಡ್ಡವರ ಜೊತೆ ಮಾತಾಡುವ ರೀತಿ ಇದಲ್ಲ. ನಾನು 30 ವರ್ಷ ಮೇಷ್ಟರಾಗಿದ್ದವನು. ಶಿಸ್ತು ಮನೆಯಿಂದ ಶುರುವಾಗಬೇಕು. ಮೊದಲು ಅತ್ತೆಯ ಹತ್ತಿರ ಕ್ಷಮೆ ಕೇಳು.

ಭಾವ: ಸುಳ್ಳು ಹಾಕಿದವರನ್ನು ಬಿಟ್ಟು ಕೇಳಿದವನದೇ ತಪ್ಪಾ?

ಅತ್ತೆ ಮಗ: ನಮ್ಮ ಕಾಲದಲ್ಲಿ ಪಾರ್ಕಿಂಗ್ ಎಲ್ಲಿತ್ತು ಮಾರಾಯ್ರೆ! ತೀರ್ಥಹಳ್ಳಿಯಲ್ಲಿ ತೋಟದ ದಾರಿ, ಮಳೆಗಾಲ ಬಂದರೆ ಹಳ್ಳ ದಾಟಲು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದೆವು. ಅಜ್ಜಿ ಸುಟ್ಟು ಕೊಡುತ್ತಿದ್ದ ಹಲಸಿನ ಹಪ್ಪಳ ಯಾರಿಗಾದರೂ ನೆನಪಿದೆಯಾ?

ಚಿಕ್ಕಮ್ಮ: ಅರ್ಧ ಹಪ್ಪಳ ಸಂಕ ದಾಟುವ ಮೊದಲೇ ನಿನ್ನ ಹೊಟ್ಟೆ ಸೇರುತ್ತಿತ್ತು. ಪಾರ್ಕಿಂಗ್ ಅಂದಾಗ ನೆನಪಾಯಿತು. ನಮ್ಮ ಗೃಹಪ್ರವೇಶದ ದಿನ ಪಕ್ಕದ ಮನೆ ಗೇಟಿಗೆ ಅಡ್ಡ ಕಾರು ನಿಲ್ಲಿಸಿದ್ದು ಯಾರು? ಅವರು ಇವತ್ತಿಗೂ ನಮ್ಮ ಜೊತೆ ಮಾತಾಡುವುದಿಲ್ಲ.

ಭಾವ: ಅವತ್ತು ಜಾಗ ತೋರಿಸಿದ್ದು ಚಿಕ್ಕಪ್ಪ. ಅವರನ್ನೇ ಕೇಳಿ.

ನಾನು: ಎಲ್ಲರೂ ಸ್ವಲ್ಪ ತಡೆಯಿರಿ. ದಂಡದ ಸುದ್ದಿ ಸುಳ್ಳು, ಭಾವ ಹೇಳಿದ್ದು ಸರಿ. ಆದರೆ ಶಾಲೆಯ ಬಾಗಿಲ ಹತ್ತಿರ ನಿಲ್ಲಿಸಬಾರದು, ನಿಂತ ಗಾಡಿಯ ಪಕ್ಕ ಇನ್ನೊಂದು ನಿಲ್ಲಿಸಬಾರದು ಅಂತ 1989ರ ರಸ್ತೆ ನಿಯಮಗಳಲ್ಲೇ ಇತ್ತು. ಯಾಕೆ ಅಂತ ಇವತ್ತು ಬೆಳಿಗ್ಗೆ ಕಣ್ಣಾರೆ ನೋಡಿದೆ. 8:20ಕ್ಕೆ ಪುಟ್ಟಿಯ ಶಾಲೆ ಗೇಟಿಗೇ ಒಂದು ದೊಡ್ಡ ಕಾರು ನಿಂತಿತ್ತು. ನಾಲ್ಕೂ ಇಂಡಿಕೇಟರ್ ಮಿನುಗುತ್ತಿದ್ದವು. ಅದರ ಮುಂದಿನಿಂದ ಯುಕೆಜಿ ಹುಡುಗ ಒಬ್ಬ ರಸ್ತೆಗೆ ಬಂದ. ತಲೆ ಬಾನೆಟ್‌ಗಿಂತ ಕೆಳಗೆ. ಆ ಕಡೆಯಿಂದ ಬರುತ್ತಿದ್ದ ಸ್ಕೂಟರಿನವರಿಗೆ ಮಗು ಕಾಣಲು ಸಾಧ್ಯವೇ ಇರಲಿಲ್ಲ. ಅವರೇನೂ ಜೋರಾಗಿ ಬಂದಿರಲಿಲ್ಲ. ಗಂಟೆಗೆ 30 ಕಿಲೋಮೀಟರ್ ಅಂದರೂ ಸೆಕೆಂಡಿಗೆ 8 ಮೀಟರ್ ಆಗುತ್ತದೆ. ಬ್ರೇಕ್ ಹಿಡಿಯುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಹುಡುಗನ ನೀರಿನ ಬಾಟಲಿ ಚಕ್ರದ ಕೆಳಗೆ ಸಿಕ್ಕಿ ಚಪ್ಪಟೆಯಾಯಿತು. ಅವನಿಗೆ ಏನೂ ಆಗಲಿಲ್ಲ. ಅಳಲೂ ಇಲ್ಲ, ಬಾಟಲಿಯನ್ನೇ ನೋಡುತ್ತಾ ನಿಂತಿದ್ದ. ನನಗೆ ಇನ್ನೂ ಕೈ ನಡುಗುತ್ತಿದೆ.

ಅತ್ತೆ: ಅಯ್ಯೋ ದೇವರೇ.

ಭಾವ: ಯಾರದ್ದು ಆ ಕಾರು? ನಂಬರ್ ಬರೆದುಕೊಂಡೆಯಾ?

ನಾನು: ಗೊತ್ತಿಲ್ಲ. ಆದರೆ ಹೋದ ವಾರ ನಮ್ಮನ್ನು ಬಿಡಲು ಬಂದಾಗ ನೀವು ನಿಲ್ಲಿಸಿದ್ದೂ ಅದೇ ಜಾಗದಲ್ಲಿ, ಭಾವ. ಎರಡೇ ನಿಮಿಷ ಅಂದಿರಿ. ನಾನೂ ಸುಮ್ನೆ ಇಳಿದೆ. ನನ್ನದೂ ತಪ್ಪೇ. ಹಿಂದಿನ ಅಡ್ಡರಸ್ತೆಯಲ್ಲಿ ಖಾಲಿ ಸೈಟಿನ ಪಕ್ಕ ಬೇಕಾದಷ್ಟು ಜಾಗ ಇದೆ. ಅಲ್ಲಿಂದ ಪುಟ್ಟಿಯ ಹೆಜ್ಜೆಯಲ್ಲಿ ಮೂರು ನಿಮಿಷ, ಅಷ್ಟೇ.

ಅತ್ತೆ ಮಗ: ಹಪ್ಪಳದ ವಿಷಯ ಆಮೇಲೆ ಮಾತಾಡೋಣ. ನಮ್ಮ ಊರಿನ ಶಾಲೆ ಮುಂದೆಯೂ ಈಗ ಹೀಗೇ ಆಗಿದೆ.

ಭಾವ: ಬುಧವಾರ ಪುಟ್ಟಿಯನ್ನು ಬಿಡುವವನು ನಾನೇ ಅಲ್ವಾ. ಆ ಸೈಟಿನ ಲೊಕೇಶನ್ ಕಳಿಸು. ಹತ್ತು ನಿಮಿಷ ಮೊದಲೇ ಹೊರಡುತ್ತೇನೆ.

ಅತ್ತೆ: ನೋಡಿ, ನಾನು ಹಾಕಿದ್ದು ಒಳ್ಳೆಯದೇ ಆಯಿತು.

ಭಾವ: ಆ ಮೆಸೇಜ್ ಡಿಲೀಟ್ ಮಾಡಿ ಅತ್ತೆ. ಭಜನೆ ಗುಂಪಿಗೂ ಸುಳ್ಳು ಅಂತ ಹೇಳಿ.

ದೊಡ್ಡಪ್ಪ: ಕ್ಷಮೆ ಇನ್ನೂ ಕೇಳಿಲ್ಲ.