ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಅಡಚಣೆ: ಸ್ಟೆಂಟ್ ಹಾಕಿಸುವುದೋ, ಹೊಟ್ಟೆಯ ಮೇಲೆ ಚೀಲವೋ?

ಪ್ರಶ್ನೆ: ಆಲೂರು ತಾಲ್ಲೂಕಿನ ಓದುಗ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ 71 ವರ್ಷ. ಕೆಲವು ತಿಂಗಳಿಂದ ಅವರಿಗೆ ಆಗಾಗ ಹೊಟ್ಟೆ ಉಬ್ಬರಿಸಿ ನುಲಿಯುತ್ತಿತ್ತು. ಮಲವು ತೆಳ್ಳಗೆ, ಸ್ವಲ್ಪಸ್ವಲ್ಪವಾಗಿ ಹೋಗುತ್ತಿತ್ತು. ಹಾಸನದಲ್ಲಿ ಕೊಲೊನೋಸ್ಕೋಪಿ (ಗುದದ್ವಾರದ ಮೂಲಕ ಕ್ಯಾಮೆರಾ ನಳಿಕೆ ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮತ್ತು ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ, ದೊಡ್ಡ ಕರುಳಿನ ಎಡಭಾಗದ ಸಿಗ್ಮಾಯ್ಡ್ ಎಂಬಲ್ಲಿ ಗಡ್ಡೆ ಬೆಳೆದು ದಾರಿ ಬಹಳ ಕಿರಿದಾಗಿದೆ ಎಂದೂ, ಯಕೃತ್ತಿನಲ್ಲಿ ಎರಡು ಸಣ್ಣ ಗಂಟುಗಳಿವೆ ಎಂದೂ ತಿಳಿದುಬಂತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಗಿದೆ. ಸದ್ಯಕ್ಕೆ ವಾಯು ಹೋಗುತ್ತಿದೆ, ಗಂಜಿ ಮತ್ತು ಎಳನೀರು ಸೇರುತ್ತಿವೆ.

ವೈದ್ಯರು ಎರಡು ದಾರಿಗಳನ್ನು ಹೇಳಿದ್ದಾರೆ: ಗಡ್ಡೆಯ ಜಾಗದಲ್ಲಿ ಸ್ಟೆಂಟ್ ಎಂಬ ಲೋಹದ ಬಲೆಯ ಕೊಳವೆ ಇಟ್ಟು ದಾರಿ ತೆರೆಯುವುದು, ಇಲ್ಲವೇ ಶಸ್ತ್ರಚಿಕಿತ್ಸೆ ಮಾಡಿ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುವುದು. ಮನೆಯಲ್ಲಿ ಅಭಿಪ್ರಾಯಭೇದವಿದೆ. ಮೈಸೂರಿನ ಜಯದೇವದಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆರೋಗ್ಯವಾಗಿರುವ ನಮ್ಮ ಭಾವನವರು ಇದೂ ಅಂಥದ್ದೇ ಎನ್ನುತ್ತಾರೆ. ಅಪ್ಪನಿಗೆ ಚೀಲವೆಂದರೆ ಸಾಕು, ಊಟವೇ ಬೇಡವಾಗುತ್ತದೆ. ಸ್ಟೆಂಟ್ ಶಾಶ್ವತವೇ, ಮುಂದೆ ಕೀಮೋಗೆ ಅದರಿಂದ ತೊಂದರೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ: ನಿವೃತ್ತ ಶಸ್ತ್ರವೈದ್ಯ, ಹಾಸನ

ಮೊದಲು ತುರ್ತಿನ ಮಾತು. ವಾಯು ಮತ್ತು ಮಲ ಎರಡೂ ಸಂಪೂರ್ಣ ನಿಂತರೆ, ವಾಂತಿ ಶುರುವಾದರೆ, ಜ್ವರ ಬಂದರೆ, ಹೊಟ್ಟೆ ಮುಟ್ಟಲಾಗದಷ್ಟು ನೋವಾದರೆ, ಇಲ್ಲಿ ಉತ್ತರಕ್ಕೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಒಂದು ಕವಾಟವಿದ್ದು, ಅದು ಬಿಗಿಯಾಗಿರುವವರಲ್ಲಿ ಗಡ್ಡೆಗೂ ಕವಾಟಕ್ಕೂ ನಡುವಿನ ಕರುಳು ಎರಡೂ ಕಡೆ ಮುಚ್ಚಿದಂತಾಗಿ ಬಲಭಾಗದಲ್ಲಿ ಅಪಾಯಕಾರಿಯಾಗಿ ಹಿಗ್ಗುತ್ತದೆ. ಅದು ಹರಿದರೆ ಅಥವಾ ಹರಿಯುವ ಸೂಚನೆಯಿದ್ದರೆ ಸ್ಟೆಂಟಿನ ಪ್ರಶ್ನೆಯೇ ಉಳಿಯುವುದಿಲ್ಲ. ಆಗ ಶಸ್ತ್ರಚಿಕಿತ್ಸೆಯೊಂದೇ ದಾರಿ.

ತಮ್ಮ ಭಾವನವರ ಹೋಲಿಕೆ ಅರ್ಧ ಮಾತ್ರ ಸರಿ. ಹೃದಯದ ಸ್ಟೆಂಟ್ ಕೆಲವೇ ಮಿಲಿಮೀಟರ್ ಅಗಲದ್ದು, ಸಾಮಾನ್ಯವಾಗಿ ಬಲೂನಿನಿಂದ ಹಿಗ್ಗಿಸಿ ಕೂರಿಸುವಂಥದ್ದು. ಕರುಳಿನದು ಹೆಚ್ಚಾಗಿ ನಿಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ಎಂಬ ಲೋಹದ ಬಲೆ. ಅದರ ಅಗಲ 24 ಮಿಲಿಮೀಟರ್ ಅಥವಾ ಹೆಚ್ಚು. ಅದನ್ನು ಮಡಿಸಿದ ಸ್ಥಿತಿಯಲ್ಲಿ, ಕೊಲೊನೋಸ್ಕೋಪ್ ಮತ್ತು ಎಕ್ಸ್‌ರೇ ಸಹಾಯದಿಂದ, ಗಡ್ಡೆಯ ನಡುವೆ ತೂರಿಸಿದ ತೆಳು ತಂತಿಯ ಮೇಲೆ ಸಾಗಿಸಿ ಬಿಟ್ಟರೆ ಅದು ತಾನಾಗಿಯೇ ಒಂದೆರಡು ದಿನಗಳಲ್ಲಿ ಪೂರ್ತಿ ಅರಳಿಕೊಳ್ಳುತ್ತದೆ. ಹೊಟ್ಟೆ ಕೊಯ್ಯಬೇಕಿಲ್ಲ, ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯೂ ಬೇಕಿಲ್ಲ. ಆದರೆ ಗಡ್ಡೆ ಅಲ್ಲೇ ಇರುತ್ತದೆ. ದಾರಿ ತೆರೆದದ್ದನ್ನು ಕ್ಯಾನ್ಸರ್‌ಗೆ ಚಿಕಿತ್ಸೆಯಾಯಿತೆಂದು ತಿಳಿಯಬಾರದು.

ಈಗ ಮುಖ್ಯ ವಿಷಯ. ತಾವು ಸ್ಟೆಂಟೋ ಚೀಲವೋ ಎಂದು ಕೇಳಿದ್ದೀರಿ. ಅದಕ್ಕಿಂತ ಮೊದಲು ಚಿಕಿತ್ಸೆಯ ಗುರಿ ಯಾವುದೆಂದು ವೈದ್ಯರನ್ನು ಕೇಳಬೇಕು. ರೋಗವನ್ನು ಪೂರ್ತಿ ತೆಗೆಯಲಾಗದು, ಉಳಿದ ದಿನಗಳಲ್ಲಿ ಕಷ್ಟ ಕಡಿಮೆ ಮಾಡಬೇಕು ಎಂದಾದರೆ ಸ್ಟೆಂಟ್ ಬಹುಪಾಲು ಒಳ್ಳೆಯ ಆಯ್ಕೆ. ಬೇಗ ಮನೆಗೆ ಬರಬಹುದು, ಕೀಮೋ ಬೇಗ ಶುರುಮಾಡಬಹುದು. ಗುಣಪಡಿಸುವ ಗುರಿಯಿದ್ದರೆ ಸ್ಟೆಂಟ್ ಕೇವಲ ಮಧ್ಯಂತರ ವ್ಯವಸ್ಥೆ: ಕರುಳಿನ ಉಬ್ಬರ ಇಳಿಸಿ, ರೋಗಿಯ ನಿರ್ಜಲೀಕರಣ ಮತ್ತು ಲವಣಾಂಶಗಳನ್ನು ಸರಿಪಡಿಸಿ, ಸುಮಾರು ಎರಡು ವಾರಗಳ ನಂತರ ಯೋಜಿತ ಶಸ್ತ್ರಚಿಕಿತ್ಸೆ ಮಾಡುವುದು. ಬ್ರಿಟನ್ನಿನ ಕ್ರೆಸ್ಟ್ ಎಂಬ ಅಧ್ಯಯನದ ಪೂರ್ಣ ವರದಿ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ನೇರವಾಗಿ ತುರ್ತು ಶಸ್ತ್ರಚಿಕಿತ್ಸೆಗೆ ಹೋದವರಲ್ಲಿ ಸುಮಾರು ಮೂರನೇ ಎರಡು ಭಾಗದವರಿಗೆ ಚೀಲ ಬೇಕಾಯಿತು. ಮೊದಲು ಸ್ಟೆಂಟ್ ಪ್ರಯತ್ನಿಸಿದವರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಗೆ. ಆದರೆ ಮೊದಲ ತಿಂಗಳ ಮರಣ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸ್ಟೆಂಟ್ ಹಾಕಿಸಿದರೂ ಚೀಲ ಬರಲಾರದು ಎಂಬ ಭರವಸೆಯಿಲ್ಲ. ಇದನ್ನು ತಂದೆಯವರಿಗೆ ಮೊದಲೇ ತಿಳಿಸಿಡುವುದು ಉತ್ತಮ.

ಯಕೃತ್ತಿನಲ್ಲಿ ಗಂಟು ಕಂಡ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ಭಾವಿಸಬೇಡಿ. ಗಂಟುಗಳು ಎರಡೇ ಇದ್ದು, ಸ್ಥಳ ಅನುಕೂಲವಾಗಿದ್ದರೆ, ಕೆಲವರಲ್ಲಿ ಅವನ್ನೂ ಶಸ್ತ್ರಚಿಕಿತ್ಸೆಯಿಂದ ತೆಗೆದು ಗುಣಪಡಿಸುವ ಪ್ರಯತ್ನ ಮಾಡುತ್ತಾರೆ. ಸ್ಟೆಂಟ್ ಇಡುವಾಗ ಅಥವಾ ನಂತರ ಗಡ್ಡೆಯ ಜಾಗದಲ್ಲಿ ಕರುಳು ತೂತಾದರೆ ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಗೆ ಹರಡಬಹುದೆಂಬ ಆತಂಕವಿರುವುದರಿಂದ, ಗುಣಪಡಿಸಬಹುದಾದ ರೋಗಿಯಲ್ಲಿ ಈ ತೀರ್ಮಾನವನ್ನು ಇನ್ನೂ ಜಾಗರೂಕತೆಯಿಂದ ಮಾಡಬೇಕು. ಗಡ್ಡೆ, ಯಕೃತ್ತು ಎರಡನ್ನೂ ನೋಡಬಲ್ಲ ತಂಡದ ಅಭಿಪ್ರಾಯ ಪಡೆಯಿರಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಗೆ ಹೋಗುವುದಾದರೆ ವರದಿಯ ಹಾಳೆಯಷ್ಟೇ ಸಾಲದು, ಸಿ.ಟಿ.ಯ ಸಿ.ಡಿ.ಯನ್ನೂ ಬಯಾಪ್ಸಿಯ ಸ್ಲೈಡುಗಳನ್ನೂ ಕೇಳಿ ಪಡೆದುಕೊಂಡು ಹೋಗಿರಿ.

ಉತ್ತರ: ಶುಶ್ರೂಷಕಿ, ಮೂಡಿಗೆರೆ

ವೈದ್ಯರು ಹೇಳಿದ್ದಕ್ಕೆ ಊಟದ ವಿಷಯವೊಂದನ್ನು ಸೇರಿಸುತ್ತೇನೆ, ಏಕೆಂದರೆ ಮನೆಗೆ ಬಂದ ಮೇಲೆ ಬಹಳಷ್ಟು ಜನ ಇಲ್ಲಿಯೇ ಗೊಂದಲಕ್ಕೆ ಬೀಳುತ್ತಾರೆ. ಮಲಬದ್ಧತೆಗೆ ಸೊಪ್ಪು ತಿನ್ನಿಸಿ ಎಂಬುದು ನಮ್ಮ ಕಡೆಯ ರೂಢಿ; ಸ್ಟೆಂಟ್ ಇರುವವರಿಗೆ ಅದನ್ನೇ ಮಾಡಿದರೆ ನಾರು ಬಲೆಯೊಳಗೆ ಸಿಕ್ಕಿ ದಾರಿ ಮತ್ತೆ ಮುಚ್ಚಿಕೊಳ್ಳಬಹುದು. ಬಾಳೆದಿಂಡು, ಕಳಲೆ, ಹಲಸು, ಸಿಪ್ಪೆಯಿರುವ ಅವರೆ ಮತ್ತು ಹುರುಳಿ, ಕಿತ್ತಳೆಯ ತೊಳೆ, ತೆಂಗಿನಕಾಯಿಯ ಚೂರು ಬೇಡ. ಮೆತ್ತಗಿನ ಅನ್ನ, ಮಜ್ಜಿಗೆ, ಇಡ್ಲಿ, ಸಿಪ್ಪೆ ತೆಗೆದ ತರಕಾರಿಯನ್ನು ಚೆನ್ನಾಗಿ ಬೇಯಿಸಿ ಮಸೆದದ್ದು, ಮೊಟ್ಟೆ, ಮೀನು ಆಗಬಹುದು. ಮುದ್ದೆ ಬಿಟ್ಟಿರಲಾರೆ ಎನ್ನುವ ಹಿರಿಯರಿಗೆ, ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿದ ರಾಗಿಹಾಲಿನ ಮಣ್ಣಿ ಒಂದು ಸಮಾಧಾನ. ಮಲ ಮೆತ್ತಗಾಗಿಸುವ ಔಷಧವನ್ನು ವೈದ್ಯರು ಬರೆದುಕೊಟ್ಟಿದ್ದರೆ, ಸರಿಯಾಗಿದೆಯೆಂದು ಮಧ್ಯೆ ನಿಲ್ಲಿಸಬೇಡಿ. ಹಠಾತ್ತನೆ ತೀವ್ರ ನೋವು, ಹೆಚ್ಚು ರಕ್ತ, ಅಥವಾ ಮತ್ತೆ ಹೊಟ್ಟೆ ಉಬ್ಬರ ಕಂಡರೆ ಮರುದಿನದವರೆಗೆ ಕಾಯಬಾರದು: ಸ್ಟೆಂಟ್ ಜಾರಿರಬಹುದು, ಗಡ್ಡೆ ಬಲೆಯೊಳಗೆ ಬೆಳೆದಿರಬಹುದು, ಕರುಳು ತೂತಾಗಿರಬಹುದು.

ಉತ್ತರ: ಚಿಕ್ಕಮಗಳೂರಿನ ಗೃಹಿಣಿ

ಚೀಲದ ಬಗ್ಗೆ ಇಷ್ಟು ಭಯ ಬೇಡವೆಂದು ಹೇಳಲು ಬರೆಯುತ್ತಿದ್ದೇನೆ. ನಮ್ಮ ಅತ್ತೆಯವರ ಗಡ್ಡೆ ಗುದದ್ವಾರಕ್ಕೆ ತೀರ ಹತ್ತಿರವಿತ್ತು. ಅಷ್ಟು ಕೆಳಗೆ ಸ್ಟೆಂಟ್ ಇಟ್ಟರೆ ಸದಾ ನೋವು, ಮಲಕ್ಕೆ ತಿಣುಕಬೇಕೆನ್ನುವ ಭಾವ, ಮಲ ಹಿಡಿದುಕೊಳ್ಳಲಾಗದ ಸ್ಥಿತಿ ಬರಬಹುದೆಂದು ವೈದ್ಯರೇ ಅದನ್ನು ಬೇಡವೆಂದರು. ಚೀಲ ಬದಲಿಸುವುದನ್ನು ಅತ್ತೆಯವರು ತಾವೇ ಕಲಿತು, ಸೀರೆಯುಟ್ಟು ಮದುವೆಮನೆಗಳಿಗೂ ಹೋಗಿಬಂದಿದ್ದಾರೆ. ಕಷ್ಟವಿಲ್ಲವೆನ್ನುವುದಿಲ್ಲ, ಚರ್ಮ ಕೆಂಪಾಗುತ್ತದೆ, ಚೀಲಗಳ ಖರ್ಚು ನಿರಂತರ. ಆದರೂ ಚೀಲದ ನಾಚಿಕೆಯೊಂದನ್ನೇ ಕಾರಣವಾಗಿಟ್ಟುಕೊಂಡು ಸ್ಟೆಂಟ್ ಆರಿಸಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ಮರುಪ್ರಶ್ನೆ: ಆಲೂರು ತಾಲ್ಲೂಕಿನ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರ್ ಸಾಹೇಬರಿಗೆ ಒಂದು ಪ್ರಶ್ನೆ: ಕೀಮೋ ಜೊತೆಗೆ ಬೆವಾಸಿಝುಮ್ಯಾಬ್ ಎಂಬ ಇಂಜೆಕ್ಷನ್ ಕೊಡುವ ಸಾಧ್ಯತೆಯಿದ್ದರೆ ಸ್ಟೆಂಟ್ ಬಗ್ಗೆ ಮತ್ತೆ ಯೋಚಿಸಬೇಕು ಎಂದು ಇಲ್ಲಿನ ವೈದ್ಯರು ಹೇಳಿದರು. ಕಾರಣವೇನು? ನಮ್ಮಲ್ಲಿ ಬಿ.ಪಿ.ಎಲ್. ಕಾರ್ಡ್ ಇದೆ, ಸರ್ಕಾರದ ಯೋಜನೆಯ ನೆರವು ಸಿಗಬಹುದೇ?

ಉತ್ತರ: ನಿವೃತ್ತ ಶಸ್ತ್ರವೈದ್ಯ, ಹಾಸನ

ಅವರು ಹೇಳಿದ್ದು ಸರಿಯಾಗಿದೆ. ಆ ಔಷಧವು ಗಡ್ಡೆಗೆ ಹೊಸ ರಕ್ತನಾಳಗಳು ಬೆಳೆಯದಂತೆ ತಡೆಯುತ್ತದೆ; ಅದೇ ಗುಣದಿಂದ ಕರುಳಿನ ಗೋಡೆಯ ಗಾಯ ಮಾಯುವುದೂ ನಿಧಾನವಾಗುತ್ತದೆ. ಲೋಹದ ಬಲೆ ಒತ್ತುತ್ತಿರುವ ಜಾಗದಲ್ಲಿ ಇದು ಸೇರಿದರೆ ತೂತಾಗುವ ಸಂಭವ ಹೆಚ್ಚುತ್ತದೆ. ಆದ್ದರಿಂದಲೇ ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘವು 2020ರ ಮಾರ್ಗಸೂಚಿಯಲ್ಲಿ ಈ ಬಗೆಯ ಔಷಧ ಪಡೆಯುತ್ತಿರುವವರಿಗೆ ಸ್ಟೆಂಟ್ ಬೇಡವೆಂದಿದೆ. ಸಾಮಾನ್ಯ ಕೀಮೋಗೆ ಈ ಅಡ್ಡಿಯಿಲ್ಲ. ಹೀಗಾಗಿ ಸ್ಟೆಂಟ್ ಇಡುವವರೂ ಕೀಮೋ ಕೊಡುವವರೂ ಮೊದಲೇ ಮಾತಾಡಿಕೊಂಡಿರಬೇಕು. ಬೇರೆ ಬೇರೆ ಆಸ್ಪತ್ರೆಯವರಾದರೆ ಆ ಮಾತು ನಡೆಯುವಂತೆ ನೋಡಿಕೊಳ್ಳುವ ಹೊಣೆ ತಮ್ಮ ಮೇಲೆಯೇ ಬರುತ್ತದೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯೋಜಿತ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ, ತಮಗೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಹಿಮ್ಸ್ ಹತ್ತಿರ. ಸ್ಟೆಂಟಿನ ಸಾಧನದ ಬೆಲೆ ಆ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ, ಚಿಕಿತ್ಸೆ ನಡೆಯುವ ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾಗಿರುವ ಆರೋಗ್ಯಮಿತ್ರರನ್ನು ಕೇಳಿ ಖಚಿತಪಡಿಸಿಕೊಳ್ಳಿ.